ಕಿಲುಬು ಕಾಸಿಗೆ ಎಷ್ಟು ಮಾರ್ಕ್ಸು?

ಬಹಳ ದಿನದಿಂದ ಬರೀಬೇಕು ಅಂದುಕೊಂಡು ಮುಂದಕ್ಕೆ ಹಾಕುತ್ತಾ ಬಂದಿದ್ದ ವಿಷಯ ಇದು. ಮೊದಲೇ ಹೇಳಿಬಿಡ್ತೀನಿ, ನಾನು ಇತಿಹಾಸ ಓದಿದವನಲ್ಲ. ಓದಿದ್ದು ಇಂಜಿನಿಯರಿಂಗು, ಹೊಟ್ಟೆಪಾಡಿಗೆ ಮಾಡೋದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಶನಿವಾರ ಬಂದರೆ ತಿಪಟೂರಿನ ಟ್ರೈನು. ಹಳೇ ತಾಮ್ರದ ಕಾಸುಗಳ ಹುಚ್ಚು ಹತ್ತಿ ಏಳೆಂಟು ವರ್ಷವಾಯಿತು. ಚಿನ್ನದ ವರಾಹ, ಬೆಳ್ಳಿ ರೂಪಾಯಿ ಕೂಡಿಡುವವರ ಲೆವೆಲ್ಲೇ ಬೇರೆ. ತಾಮ್ರ ನಮ್ಮಂಥ ಇಎಂಐ ಕಟ್ಟುವವರ ಲೋಹ :-)

ಈಚೆಗೆ ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಹೋದರೆ ಒಂದು ಹೊಸ ನೋಟ ಕಾಣುತ್ತದೆ. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು, ಒಂದೊಂದೂ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯೊಳಗೆ ಸೀಲಾಗಿ ಕೂತಿವೆ. ಮೇಲೊಂದು ಚೀಟಿ, ಚೀಟಿಯಲ್ಲೊಂದು ಅಂಕಿ. 25, 40, 53... ಬಂದವರು ಆನೆಯನ್ನು ನೋಡುವುದಿಲ್ಲ, ಅಂಕಿ ನೋಡುತ್ತಾರೆ. ನಲವತ್ತರದ್ದಕ್ಕೆ ಒಂದು ರೇಟು, ಮೂವತ್ತರದ್ದಕ್ಕೆ ಇನ್ನೊಂದು. ನನಗಂತೂ ಆಫೀಸಿನ ಅಪ್ರೈಸಲ್ ನೆನಪಾಗುತ್ತೆ. ವರ್ಷವಿಡೀ ರಾತ್ರಿ ಹಗಲು ದುಡಿದದ್ದಕ್ಕೆ ಕೊನೆಗೆ ಕೈಗೆ ಬರುವುದು ಒಂದು ಅಂಕಿ ತಾನೆ?

ನನ್ನ ಅಭಿಪ್ರಾಯ ಇಷ್ಟು: ಈ ಅಂಕಿ ನಮ್ಮ ತಾಮ್ರಕ್ಕೆ ಹೊಂದುವುದಿಲ್ಲ. ಹಾಗಂತ ಕಾಸಿನ ಗುಣ ಅಳೆಯುವುದೇ ಬೇಡ ಅನ್ನುತ್ತಿಲ್ಲ. ಅಳತೆ ಬೇಕು, ಅದೂ ಬೆಂಗಳೂರಿನ ಹೋಟೆಲ್ ಹಾಲ್‌ಗಿಂತ ಹೆಚ್ಚಾಗಿ ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಮನೆಗಳಲ್ಲಿ ಬೇಕು. ಯಾಕೆ ಅನ್ನುವುದನ್ನು ಸ್ವಲ್ಪ ಸುತ್ತು ಬಳಸಿ ಹೇಳ್ತೀನಿ, ತಾಳ್ಮೆಯಿರಲಿ.

ಈ ಎಪ್ಪತ್ತರ ಲೆಕ್ಕ ಎಲ್ಲಿಂದ ಬಂತು ಗೊತ್ತಾ? ಅಮೆರಿಕದ ತಾಮ್ರದಿಂದ. 1793ರಿಂದ 1857ರವರೆಗೆ ಅಲ್ಲಿ ದೊಡ್ಡ ಸೆಂಟು ಅಂತ ತಾಮ್ರದ ನಾಣ್ಯ ಟಂಕಿಸುತ್ತಿದ್ದರು. ಶುರುವಿನ ವರ್ಷಗಳಲ್ಲಿ ಅಚ್ಚುಗಳನ್ನು ಕೈಯಲ್ಲೇ ಕೊರೆಯುತ್ತಿದ್ದರಿಂದ ಒಂದರಂತೆ ಇನ್ನೊಂದಿಲ್ಲ. ಎಲೆ ಒಂದು ಕೂದಲೆಳೆ ಆಚೆ ಇದ್ದರೆ ಅದೇ ಒಂದು ಬೇರೆ ತಳಿ. ವಿಲಿಯಂ ಶೆಲ್ಡನ್ ಅನ್ನುವವನು 1949ರಲ್ಲಿ ಈ ತಳಿಗಳಿಗೆಲ್ಲ ನಂಬರ್ ಹಾಕಿ ಒಂದು ಪುಸ್ತಕ ಬರೆದ. ಜೊತೆಗೆ ಗುಣಕ್ಕೂ ಒಂದು ಅಂಕಿ ಕೊಟ್ಟ. ಸವೆದು ಸವೆದು ಯಾವ ತಳಿ ಅಂತ ಗುರುತಿಸಲು ಮಾತ್ರ ಸಾಧ್ಯವಾದದ್ದಕ್ಕೆ 1, ಟಂಕಸಾಲೆಯಿಂದ ಈಗ ತಾನೆ ಬಿದ್ದಂತಿರುವ ಪರಿಪೂರ್ಣ ಕಾಸಿಗೆ 70. ಎಪ್ಪತ್ತೇ ಯಾಕೆ, ನೂರಲ್ಲವೇಕೆ? ಯಾಕೆಂದರೆ ಅದು ಮಾರ್ಕ್ಸ್ ಅಲ್ಲ, ಬೆಲೆಯ ಲೆಕ್ಕ. ತೀರಾ ಸವೆದ ಕಾಸಿಗೆ ಒಂದು ಡಾಲರಾದರೆ ಅದೇ ತಳಿಯ ಅತ್ಯುತ್ತಮ ಕಾಸಿಗೆ ಎಪ್ಪತ್ತು ಡಾಲರು. ಆ ಕಾಲದ ಮಾರುಕಟ್ಟೆಯಲ್ಲಿ ಅವನಿಗೆ ಕಂಡ ಅನುಪಾತ ಅದು, ಅಷ್ಟೆ. ಬೆಲೆಗಳು ಕೆಲವೇ ವರ್ಷಗಳಲ್ಲಿ ಎಲ್ಲೆಲ್ಲಿಗೋ ಹೋದವು, ಲೆಕ್ಕ ಮುರಿದು ಬಿತ್ತು, ಆದರೆ ಅಂಕಿ ಉಳಿದುಕೊಂಡಿತು. ತಾಮ್ರದಿಂದ ಬೆಳ್ಳಿಗೆ, ಬೆಳ್ಳಿಯಿಂದ ಚಿನ್ನಕ್ಕೆ ಹಬ್ಬಿತು. 1986ರಲ್ಲಿ ಪಿಸಿಜಿಎಸ್, ಮರುವರ್ಷ ಎನ್‌ಜಿಸಿ ಅನ್ನುವ ಕಂಪನಿಗಳು ಶುರುವಾಗಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಹೋಯಿತು. ಅಲ್ಲಿಂದ ನಮ್ಮ ಶ್ರೀರಂಗಪಟ್ಟಣದ ಆನೆಯ ತಲೆ ಮೇಲೆ ಬಂದು ಕೂತಿದೆ. ಯಾರೋ ಯಾವುದೋ ಕಾಲದಲ್ಲಿ ಒಂದು ಪ್ರಾಜೆಕ್ಟಿಗೆ ಬರೆದ ಕೋಡು, ಅರ್ಥವೇ ಗೊತ್ತಿಲ್ಲದೆ ಎಲ್ಲಾ ಪ್ರಾಜೆಕ್ಟಿಗೂ ಕಾಪಿ ಆಗುತ್ತಾ ಬರುತ್ತಲ್ಲ, ಹಾಗೆ.

ಇನ್ನೊಂದು ತಮಾಷೆ ಕೇಳಿ. ಈ ಶೆಲ್ಡನ್ ಮಹಾಶಯ 1977ರಲ್ಲಿ ಸತ್ತ. ಆಮೇಲೆ ಹೊರಬಿದ್ದ ಸಂಗತಿ ಏನೆಂದರೆ, ಜಾರ್ಜ್ ಕ್ಲ್ಯಾಪ್ ಅನ್ನುವವರು ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಗೆ ದಾನ ಕೊಟ್ಟಿದ್ದ ಸೆಂಟುಗಳಲ್ಲಿ ಒಳ್ಳೊಳ್ಳೆಯದನ್ನು ಇವನು ಎತ್ತಿಕೊಂಡು, ಅದೇ ತಳಿಯ ಕಳಪೆ ಕಾಸನ್ನು ಆ ಜಾಗದಲ್ಲಿ ಇಟ್ಟು ಬರುತ್ತಿದ್ದ. ಸಿಕ್ಕಿಬಿದ್ದದ್ದು ಹೇಗೆ ಅಂದರೆ ಹಳೇ ಫೋಟೋಗಳಿಂದ. ಪ್ರತಿ ತಾಮ್ರದ ಕಾಸಿಗೂ ಅದರದ್ದೇ ಗೀರು, ಅದರದ್ದೇ ಚುಕ್ಕೆ ಇರುತ್ತದೆ. ಫೋಟೋ ಪಕ್ಕ ಕಾಸಿಟ್ಟರೆ ಇದು ಅದಲ್ಲ ಅಂತ ಗೊತ್ತಾಗಿಬಿಡುತ್ತೆ. ಜಗತ್ತಿಗೆಲ್ಲ ಅಳತೆಗೋಲು ಕೊಟ್ಟವನ ಕಳ್ಳತನ ಹಿಡಿದದ್ದು ಆ ಅಳತೆಗೋಲಲ್ಲ, ಒಂದು ಫೋಟೋ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ನಮ್ಮ ಕಾಸಿಗೆ ಬರೋಣ. ಕನ್ನಡದಲ್ಲಿ ಮನಿ ಅನ್ನುವುದಕ್ಕೆ ನಾವು ಬಳಸುವ ಮಾತುಗಳನ್ನೇ ನೋಡಿ. ಹಣ ಅನ್ನುವುದು ಪುಟಾಣಿ ಚಿನ್ನದ ನಾಣ್ಯದ ಹೆಸರು. ದುಡ್ಡು, ಕಾಸು ಎರಡೂ ತಾಮ್ರದ ನಾಣ್ಯಗಳ ಹೆಸರು. ದಿನಾ ಬಾಯಲ್ಲಿ ಬರುವುದು ಹೆಚ್ಚಾಗಿ ತಾಮ್ರದ ಹೆಸರೇ. ಸಂತೆಯಲ್ಲಿ ಕೈಯಿಂದ ಕೈಗೆ ಓಡಾಡಿದ್ದು ಅದೇ ಅಲ್ಲವೇ.

ಹೈದರಾಲಿ ತನ್ನ ಕೊನೆಗಾಲದಲ್ಲಿ ಆನೆಯ ಕಾಸು ಶುರು ಮಾಡಿದ. ಟಿಪ್ಪು ಅದನ್ನು ಎಲ್ಲಿಗೋ ಒಯ್ದ. ಪಟ್ಟಣ, ನಗರ, ಬೆಂಗಳೂರು, ಚಿತ್ರದುರ್ಗ, ಗುತ್ತಿ, ಧಾರವಾಡ, ಕಲ್ಲಿಕೋಟೆ ಅಂತ ಹಲವು ಟಂಕಸಾಲೆಗಳು. ಊರುಗಳಿಗೆಲ್ಲ ಹೊಸ ಹೆಸರು ಬೇರೆ. ಚಿತ್ರದುರ್ಗ ಫರೂಖ್‌ಯಾಬ್ ಹಿಸಾರ್ ಆಯಿತು, ಗುತ್ತಿ ಫೈಜ್ ಹಿಸಾರ್, ಧಾರವಾಡ ಖುರ್ಷಿದ್ ಸವಾದ್. ಕಾಸುಗಳಿಗೆ ಗ್ರಹ ನಕ್ಷತ್ರಗಳ ಹೆಸರು: ಎರಡು ಪೈಸೆ ಮುಷ್ತರಿ ಅಂದರೆ ಗುರು, ಒಂದು ಪೈಸೆ ಜೊಹ್ರಾ ಅಂದರೆ ಶುಕ್ರ, ಅರ್ಧ ಪೈಸೆ ಬಹ್ರಾಮ್ ಅಂದರೆ ಮಂಗಳ, ಕಾಲು ಪೈಸೆ ಅಖ್ತರ್ ಅಂದರೆ ನಕ್ಷತ್ರ, ಅರೆಕಾಲು ಕುತುಬ್ ಅಂದರೆ ಧ್ರುವ. ಮೊದಲ ನಾಲ್ಕು ವರ್ಷ ಹಿಜರಿ ಇಸವಿ ಹಾಕಿಸಿದ. ಆಮೇಲೆ ತನ್ನದೇ ಮೌಲೂದಿ ಶಕೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಗೊತ್ತಿಲ್ಲದವರು 1215ನ್ನು 5121 ಅಂತ ಓದಿ ತಲೆ ಕೆರೆದುಕೊಳ್ಳಬೇಕು. ಆನೆ ಕೆಲವದರಲ್ಲಿ ಎಡಕ್ಕೆ ನೋಡುತ್ತೆ, ಕೆಲವದರಲ್ಲಿ ಬಲಕ್ಕೆ. ಮದರಾಸಿನ ಸರ್ಕಾರಿ ಮ್ಯೂಸಿಯಮ್ಮಿನ ಹೆಂಡರ್ಸನ್ 1921ರಲ್ಲಿ ಇವನ್ನೆಲ್ಲ ಪಟ್ಟಿ ಮಾಡಿ ಪುಸ್ತಕ ತಂದ. ನೂರು ವರ್ಷ ದಾಟಿದರೂ ಇವತ್ತಿಗೂ ನಮಗೆಲ್ಲ ಅದೇ ಗತಿ. ಆಮೇಲೆ ಮೈಸೂರಿನ ಎ. ವಿ. ನರಸಿಂಹಮೂರ್ತಿಯವರು ಇಡೀ ಕರ್ನಾಟಕದ ನಾಣ್ಯಗಳ ಮೇಲೆ ಕೆಲಸ ಮಾಡಿದರು.

1799ರ ನಂತರ ಪೂರ್ಣಯ್ಯನವರ ದಿವಾನಗಿರಿಯಲ್ಲೂ ಆನೆ ಹೋಗಲಿಲ್ಲ. ಆನೆಯ ಮೇಲೆ ಸೂರ್ಯ ಚಂದ್ರ ಬಂದರು, ಶ್ರೀ ಬಂತು, ಚಾಮುಂಡಿ ಬಂದಳು. 1830ರ ದಶಕದಲ್ಲಿ ಆನೆಯ ಜಾಗಕ್ಕೆ ಸಿಂಹ ಬಂತು. ಆ ಸಿಂಹದ ಕಾಸು ನನಗೆ ಬಲು ಇಷ್ಟ. ಅಷ್ಟಗಲದ ತಾಮ್ರದ ಮೇಲೆ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಜಾಗಕ್ಕಾಗಿ ಜಗಳಾಡುತ್ತಿರುತ್ತವೆ. ಮಯಿಲಿ ಕಾಸು ಅಂತ ಕನ್ನಡದಲ್ಲಿ. 1833ರಲ್ಲಿ ಟಂಕಸಾಲೆ ಮೈಸೂರಿನಿಂದ ಬೆಂಗಳೂರಿಗೆ ಬಂತು, 1843ಕ್ಕೆ ಮುಚ್ಚಿತು. ಅಲ್ಲಿಗೆ ಮೈಸೂರಿನ ತಾಮ್ರದ ಕಥೆ ಮುಗೀತು.

ಇವೆಲ್ಲ ಕೈಯಲ್ಲಿ ಹೊಡೆದ ಕಾಸುಗಳು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ನಡುವೆ ತಾಮ್ರದ ಬಿಲ್ಲೆ, ಸುತ್ತಿಗೆಯ ಏಟು. ಬಿಲ್ಲೆ ಅಚ್ಚಿಗಿಂತ ಸಣ್ಣದಾದರೆ ಟಂಕಸಾಲೆಯ ಹೆಸರು ಅರ್ಧ ಹೊರಗೆ. ಏಟು ಓರೆಯಾದರೆ ಆನೆಯ ಹಿಂದಿನ ಕಾಲೇ ಇಲ್ಲ. ಆ ಆನೆ ಸವೆದಿಲ್ಲ, ಹುಟ್ಟಿದ್ದೇ ಹಾಗೆ. ಸವೆದದ್ದು ಯಾವುದು, ಹುಟ್ಟಿನಿಂದಲೇ ಮಸುಕು ಯಾವುದು ಅಂತ ಹೇಳುವುದೇ ಈ ವಿದ್ಯೆಯ ಅರ್ಧ ಭಾಗ. ಸವೆತ ಮೊದಲು ತಿನ್ನುವುದು ಉಬ್ಬಿದ ಜಾಗವನ್ನು. ಆನೆಯ ಹೊಟ್ಟೆ, ಕುಂಭಸ್ಥಳ ನುಣ್ಣಗಾಗುತ್ತವೆ, ತಗ್ಗಿನಲ್ಲಿರುವ ಗೆರೆ ಉಳಿಯುತ್ತದೆ. ಏಟು ಬೀಳದ ಜಾಗ ಹಾಗಲ್ಲ, ಅಲ್ಲಿ ಬಿಲ್ಲೆಯ ಮೂಲ ಒರಟುತನವೇ ಕಾಣುತ್ತದೆ. ಉಗುರಿನ ತುದಿಯಲ್ಲಿ ಮೆಲ್ಲಗೆ ಹಿಡಿದು ಬೆಳಕಿಗೆ ಓರೆ ಮಾಡಿದರೆ ಒಂದು ತಿಂಗಳಲ್ಲಿ ಯಾರಿಗಾದರೂ ಈ ವ್ಯತ್ಯಾಸ ಬರುತ್ತೆ. ಡಬ್ಬಿ ಮೇಲಿನ 30 ಅನ್ನುವ ಅಂಕಿಯಿಂದ ಮಾತ್ರ ಬರಲ್ಲ. ಅಚ್ಚುಕಟ್ಟಾಗಿ ಹೊಡೆದು ಸವೆದದ್ದೂ 30 ಆಗಬಹುದು, ಸವೆಯದೇ ಓರೆಯಾಗಿ ಹೊಡೆದದ್ದೂ 30 ಆಗಬಹುದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಲಾಸಿ ಕಂಪ್ರೆಶನ್. ಒಳಗಿದ್ದದ್ದನ್ನು ಮತ್ತೆ ಹೊರತೆಗೆಯಲು ಆಗುವುದಿಲ್ಲ.

ಹೋಲಿಕೆಗೆ ಕಂಪನಿಯವರ ತಾಮ್ರ ನೋಡಿ. 1803ರಲ್ಲಿ, ಮತ್ತೆ 1808ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದರಾಸಿಗೆ ಅಂತ ಹತ್ತು ಕಾಸು, ಇಪ್ಪತ್ತು ಕಾಸುಗಳನ್ನು ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಹೊಡೆಸಿತು. ಅಳತೆಗೋಲಿಟ್ಟಂತೆ ದುಂಡಗಿನ ಕಾಸು. ಅದನ್ನು ಹೊತ್ತ ಅಡ್ಮಿರಲ್ ಗಾರ್ಡನರ್ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರದಲ್ಲೇ ಗುಡ್‌ವಿನ್ ಮರಳದಿಣ್ಣೆಗೆ ಸಿಕ್ಕಿ ಮುಳುಗಿತು. 1980ರ ದಶಕದಲ್ಲಿ ಎತ್ತಿದ ಆ ಕಾಸುಗಳು ಇವತ್ತಿಗೂ ಮಾರಾಟಕ್ಕೆ ಬರುತ್ತವೆ. ನಮ್ಮ ಕಡೆ ಬರಬೇಕಿದ್ದ ಕಾಸು ಒಂದು ದಿನವೂ ಸಂತೆ ನೋಡಲಿಲ್ಲ, ಅದಕ್ಕೇ ಅಷ್ಟು ಚೆನ್ನಾಗಿದೆ! ಇದೇ ಬೋಲ್ಟನ್ ಅಮೆರಿಕದ ಸೆಂಟಿಗೂ ತಾಮ್ರದ ಬಿಲ್ಲೆ ಕಳಿಸುತ್ತಿದ್ದ. 1812ರ ಯುದ್ಧ ಶುರುವಾಗಿ ಬಿಲ್ಲೆ ಬರುವುದು ನಿಂತಿತು. ಅದಕ್ಕೇ 1815ರ ಇಸವಿ ಇರುವ ಸೆಂಟೇ ಇಲ್ಲ. ಯಂತ್ರದ ಕಾಸುಗಳಿಗೆ ಅಂಕಿ ಸ್ವಲ್ಪ ಮಟ್ಟಿಗೆ ಒಪ್ಪುತ್ತೆ, ನಾನೂ ಒಪ್ಪುತ್ತೇನೆ. ಎಲ್ಲವೂ ಒಂದೇ ತರ ಹುಟ್ಟಿವೆ, ಹಾಗಾಗಿ ವ್ಯತ್ಯಾಸ ಅಂದರೆ ಬಹುಮಟ್ಟಿಗೆ ಸವೆತವೇ.

ಮಜಾ ಏನೆಂದರೆ ಅಂಕಿ ಹುಟ್ಟಿದ ಅಮೆರಿಕದಲ್ಲೇ ತಾಮ್ರದವರು ಅದನ್ನು ಪೂರ್ತಿ ನಂಬುವುದಿಲ್ಲ. 1967ರಲ್ಲಿ ಶುರುವಾದ ಅರ್ಲಿ ಅಮೆರಿಕನ್ ಕಾಪರ್ಸ್ ಅನ್ನುವ ಕೂಟವಿದೆ. ಅವರು ಮೊದಲು ಎಷ್ಟು ಗೆರೆ ಉಳಿದಿದೆ ಅಂತ ನೋಡುತ್ತಾರೆ. ಆಮೇಲೆ ಮೈ ಹೇಗಿದೆ, ಕಿಲುಬು ತಿಂದಿದೆಯಾ, ಗೀರಿದೆಯಾ, ಉಜ್ಜಿದ್ದಾರಾ ಅಂತ ಬೇರೆಯಾಗಿ ನೋಡಿ, ಅದಕ್ಕೆ ತಕ್ಕಂತೆ ಕಳೆದು, ಎರಡನ್ನೂ ಮಾತಿನಲ್ಲಿ ಬರೆಯುತ್ತಾರೆ. ಇಪ್ಪತ್ತರಷ್ಟು ಗೆರೆ ಇದೆ, ಆದರೆ ಕಿಲುಬಿನ ಕುಳಿಯಿರುವುದರಿಂದ ಹನ್ನೆರಡಕ್ಕೆ ಇಳಿಸಿದೆ, ಈ ತರ. ಕಾರಣ ಗೊತ್ತಿದ್ದರೆ ನೀವು ಒಪ್ಪಬಹುದು ಅಥವಾ ಜಗಳ ತೆಗೆಯಬಹುದು. ಬರೀ ಅಂಕಿ ಜೊತೆ ಜಗಳ ಆಡುವುದು ಹೇಗೆ?

ಕಿಲುಬು ಅಂದಾಗ ನೆನಪಾಯಿತು. ಎಂಥ ಒಳ್ಳೆ ಮಾತು ಇದು! ಇದೊಂದೇ ಸಾಕು, ತಾಮ್ರದ ಬಗ್ಗೆ ಬರೆಯಲು ಕನ್ನಡಕ್ಕೆ ಬಡತನವಿಲ್ಲ ಅನ್ನುವುದಕ್ಕೆ. ಟಂಕಸಾಲೆ ಇದೆ, ಅಚ್ಚು ಇದೆ, ಬಿಲ್ಲೆ ಇದೆ, ಒರೆ ಇದೆ. ನಾಣ್ಯ ಪರೀಕ್ಷೆ ಮಾಡುವವನಿಗೆ ಚಿನಿವಾರ ಅಂತ ಹೆಸರೇ ಇದೆ. ಊರೂರಲ್ಲಿ ಕೂತು ಕಾಸನ್ನು ಕಲ್ಲಿಗೆ ಬಡಿದು ಸದ್ದು ಕೇಳಿ, ತೂಗಿ, ಒಳ್ಳೆಯದು ಕೆಟ್ಟದು ಬೇರೆ ಮಾಡುತ್ತಿದ್ದವನು. ಗ್ರೇಡಿಂಗ್ ಏನು ನಮಗೆ ಹೊಸದಲ್ಲ.

ಆದರೆ ಮನೆಗಳಲ್ಲಿ ಆಗುತ್ತಿರುವುದು ಏನು? ನಮ್ಮ ಅಜ್ಜಿಯ ಹತ್ತಿರ ಲಕ್ಷ್ಮೀಪೂಜೆಗೆ ಇಡುವ ಏಳು ತಾಮ್ರದ ಕಾಸಿವೆ. ಪ್ರತಿ ದೀಪಾವಳಿಗೂ ಅವಕ್ಕೆ ಹುಣಸೆಹಣ್ಣಿನ ಸ್ನಾನ, ಜೊತೆಗೆ ಒಲೆಯ ಬೂದಿ. "ಕಿಲುಬು ಹಿಡ್ದಿದ್ ಕಾಸ್ನ ದೇವ್ರು ಮುಂದೆ ಇಡಕ್ಕಾಯ್ತದೇನ್ ಮಗ, ನೋಡು ಹೆಂಗ್ ಫಳಫಳ ಅಂತವೆ" ಅನ್ನುತ್ತಾರೆ. ಹೊಳೆಯುತ್ತವೆ ನಿಜ. ಆನೆ ಎಲ್ಲಿದೆ ಅಂತ ಹುಡುಕಬೇಕು, ಅಷ್ಟೆ. ತಾಮ್ರದ ಮೇಲೆ ಕಾಲಕ್ರಮೇಣ ಕಟ್ಟುವ ಕಂದು ಪದರ ಅದರ ಚರ್ಮ. ಗಟ್ಟಿಯಾದ ಕಡುಹಸಿರು ಪದರವೂ ಅದಕ್ಕೆ ರಕ್ಷಣೆಯೇ. ಹುಣಸೆಹಣ್ಣಿನ ಹುಳಿ ಆ ಚರ್ಮವನ್ನು ಕರಗಿಸುತ್ತದೆ, ಬೂದಿ ಕೆಳಗಿನ ಗೆರೆಯನ್ನು ಉಜ್ಜುತ್ತದೆ. ನೂರು ಸಲ ಹೀಗಾದರೆ ಇನ್ನೂರು ವರ್ಷ ಸಂತೆಯಲ್ಲಿ ಆಗದ ಸವೆತ ದೇವರ ಮನೆಯಲ್ಲಿ ಆಗುತ್ತೆ. ಹೆದರಬೇಕಾದ್ದು ಒಂದೇ ಹಸಿರಿಗೆ: ತಿಳಿಹಸಿರು, ಪುಡಿಪುಡಿ, ಒರೆಸಿದರೂ ಮತ್ತೆ ಬರುತ್ತದೆ. ಅದು ಕ್ಲೋರೈಡ್ ಸೇರಿದ ಕಿಲುಬು. ತೇವ ಸಿಕ್ಕಿದರೆ ಒಳಗೊಳಗೇ ತಾಮ್ರವನ್ನು ತಿನ್ನುತ್ತಾ ಹೋಗುತ್ತೆ. ಅಂಥದನ್ನು ಉಳಿದ ಕಾಸುಗಳಿಂದ ಬೇರೆ ಮಾಡಿ ಒಣ ಜಾಗದಲ್ಲಿಡಿ.

ತಿಪಟೂರಿನವನಾಗಿ ಇನ್ನೊಂದು ಮಾತು ಹೇಳಿದರೆ ಊರಿಂದ ಬಹಿಷ್ಕಾರ ಹಾಕಬಹುದು, ಆದರೂ ಹೇಳುತ್ತೇನೆ. ತಾಮ್ರದ ಕಾಸಿಗೆ ಕೊಬ್ಬರಿ ಎಣ್ಣೆ ಹಚ್ಚಬೇಡಿ! ಹಚ್ಚಿದ ದಿನ ಬಲು ಚೆಂದ ಕಾಣುತ್ತದೆ. ಎಣ್ಣೆ ಕನರಾದ ಮೇಲೆ ಅದರಲ್ಲಿನ ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಜಿಡ್ಡು ಕಟ್ಟುತ್ತದೆ. ಪಿವಿಸಿ ಪ್ಲಾಸ್ಟಿಕ್ ಚೀಲದಲ್ಲಿಟ್ಟರೂ ಇದೇ ಹಣೆಬರಹ. ಒಣಗಿದ ಕಾಗದದ ಕವರ್ ಸಾಕು.

ಉಡುದಾರದ ಕಾಸಿನ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮಗುವಿನ ಸೊಂಟಕ್ಕೆ ಕಟ್ಟಲು ತೂತು ಕೊರೆದ ಆನೆ ಕಾಸು ನಮ್ಮ ಕಡೆ ಸಿಗುತ್ತವೆ. 1943ರಿಂದ ಕೆಲವು ವರ್ಷ ಸರ್ಕಾರವೇ ತೂತಿನ ಕಾಸು ತಂದಿತಲ್ಲ, ಅದಲ್ಲ, ಇದು ಅಕ್ಕಸಾಲಿಗರ ಹತ್ತಿರ ಕೊರೆಸಿದ್ದು. ಡಬ್ಬಿ ಕಂಪನಿಗಳ ಲೆಕ್ಕದಲ್ಲಿ ಇದು ಹಾಳಾದ ಮಾಲು, ಅಂಕಿಯೇ ಇಲ್ಲ. ನನಗೆ ಕೇಳಿದರೆ ತೂತಿಲ್ಲದ ಹತ್ತು ಕಾಸಿಗಿಂತ ಅದೊಂದು ಹೆಚ್ಚು ಮಾತಾಡುತ್ತೆ. ನಾಲ್ಕು ತಲೆಮಾರಿನ ಮಕ್ಕಳ ಹೊಟ್ಟೆಗೆ ಉಜ್ಜಿ ಉಜ್ಜಿ ನುಣುಪಾದ ಆನೆ ಅದು.

ಸರಿ, ಹಾಗಾದರೆ ಅಳತೆ ಯಾಕೆ ಬೇಕು ಅಂದೆ? ಅಳತೆ ಗೊತ್ತಿಲ್ಲದವನು ಎರಡು ಕಡೆಯಿಂದ ಮೋಸ ಹೋಗುತ್ತಾನೆ, ಅದಕ್ಕೆ. ನಮ್ಮ ತಾಲ್ಲೂಕಿನಲ್ಲೇ ಒಂದು ಹಳೇ ತೊಟ್ಟಿಮನೆ ಕೆಡವಿದರು. ಅಟ್ಟದ ಮೇಲಿದ್ದ ಹಿತ್ತಾಳೆ ತಂಬಿಗೆ ತುಂಬ ತಾಮ್ರದ ಕಾಸು ಸಿಕ್ಕಿತು. ಮನೆಯ ಯಜಮಾನಮ್ಮ ಗಂಡ ಹೋದ ಮೇಲೆ ಒಬ್ಬರೇ ಇದ್ದವರು, ತಂಬಿಗೆ ಸಮೇತ ಗುಜರಿಯವನಿಗೆ ಕೆಜಿ ಲೆಕ್ಕದಲ್ಲಿ ಕೊಟ್ಟುಬಿಟ್ಟರು. ನಾನು ಹೋಗುವಷ್ಟರಲ್ಲಿ ಮೊಮ್ಮಗ ಆಟಕ್ಕೆ ಇಟ್ಟುಕೊಂಡಿದ್ದ ಮೂರು ಉಳಿದಿದ್ದವು. ಅದರಲ್ಲೊಂದು ಫರೂಖಿ ಟಂಕಸಾಲೆಯದ್ದು, ಕಲ್ಲಿಕೋಟೆ ಪಕ್ಕದ್ದು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮಲಬಾರು ಕೈತಪ್ಪಿದ ಮೇಲೆ ಟಿಪ್ಪು ಅಲ್ಲಿ ಕಾಸು ಹೊಡೆಸುವ ಹಾಗೇ ಇರಲಿಲ್ಲ. ಆ ಕಾಸು ಘಟ್ಟ ಹತ್ತಿ ನಮ್ಮ ತೆಂಗಿನ ಸೀಮೆಗೆ ಹೇಗೆ ಬಂತು, ಯಾರ ಸೊಂಟದ ಚೀಲದಲ್ಲಿ ಬಂತು? ತಂಬಿಗೆಯ ಉಳಿದ ಕಾಸು ಯಾವ ಯಾವ ಊರಿನದ್ದು ಅಂತ ಗೊತ್ತಿದ್ದರೆ ಏನೋ ಒಂದು ಹೇಳಬಹುದಿತ್ತು. ಅದು ಈಗ ಯಾವುದೋ ಮೋಟಾರಿನ ವೈಂಡಿಂಗ್ ಆಗಿರುತ್ತೆ. ಆ ಅಮ್ಮನಿಗೆ ಕೋಟಿ ಸಿಗುತ್ತಿತ್ತು ಅಂತೇನಿಲ್ಲ. ಸವೆದ ಆನೆ ಪೈಸೆಗೆ ಬೆಲೆ ನೂರರ ಲೆಕ್ಕದಲ್ಲೇ. ಆದರೂ ಕೆಜಿ ತಾಮ್ರದ ರೇಟಿಗಿಂತ ಎಷ್ಟೋ ಪಾಲು ಹೆಚ್ಚು.

ಇನ್ನೊಂದು ಕಡೆಯ ಮೋಸ ಇದಕ್ಕಿಂತ ಕೆಟ್ಟದ್ದು. ಅಕ್ಕಿ ಎಳೆಯುವ ಕಾಸು, ರೈಸ್ ಪುಲ್ಲರ್ ಅಂತ ಕೇಳಿರುತ್ತೀರಿ. ಸಿಡಿಲು ಬಡಿದ ತಾಮ್ರದಲ್ಲಿ ಇರಿಡಿಯಂ ಶಕ್ತಿ ಬಂದಿದೆ, ಅಕ್ಕಿ ಕಾಳು ತಾನಾಗಿ ಬಂದು ಅಂಟುತ್ತದೆ, ನಾಸಾದವರು ಕೋಟಿ ಕೋಟಿ ಕೊಡುತ್ತಾರೆ ಅನ್ನುವ ಕಥೆ. ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿ, ಕಾಸಿನೊಳಗೋ ಕೆಳಗೋ ಅಯಸ್ಕಾಂತ ಇಟ್ಟರೆ ಎಂಟನೇ ಕ್ಲಾಸಿನ ಹುಡುಗನೂ ಇದನ್ನು ತೋರಿಸುತ್ತಾನೆ. ಬಹಳ ಸಲ ಆ ಕಾಸು 1818ರ ಈಸ್ಟ್ ಇಂಡಿಯಾ ಕಂಪನಿಯದ್ದು ಅಂತ ಹೇಳುವ, ರಾಮನೋ ಹನುಮಂತನೋ ಕಮಲವೋ ಇರುವ ಒಂದಾಣೆ. ಕಂಪನಿ ಅಂಥ ನಾಣ್ಯವನ್ನು ಹೊಡೆಸಿಯೇ ಇಲ್ಲ. ಅದು ಯಾರೋ ಜಾತ್ರೆಯಲ್ಲಿ ಮಾರಲು ಮಾಡಿದ ಬಿಲ್ಲೆ. ನಮ್ಮ ಕಡೆಯವರೊಬ್ಬರು, ಅಪ್ಪನ ವಯಸ್ಸಿನವರು, ಇದರ ಟೆಸ್ಟಿಂಗ್ ಖರ್ಚಿಗೆ ಅಂತ ಒಂದೂವರೆ ಎಕರೆ ತೆಂಗಿನ ತೋಟ ಅಡ ಇಟ್ಟರು. ಟೆಸ್ಟ್ ಮಾಡುವವರು ಬಂದರು, ಬಿಳಿ ಸೂಟು ಹಾಕಿಕೊಂಡು ಬಂದರು, ಹೋದರು. ತೋಟವೂ ಹೋಯಿತು. ಆ ದೊಡ್ಡಪ್ಪ ಈಗ ಯಾರ ಜೊತೆಯೂ ಜಾಸ್ತಿ ಮಾತಾಡುವುದಿಲ್ಲ. ಫೋನಿನಲ್ಲಿ ನಡೆಯುವ ತಳಿ ಬೇರೆ ಇದೆ: ನಿಮ್ಮ ಹಳೇ ನಾಣ್ಯಕ್ಕೆ ಹತ್ತು ಲಕ್ಷ, ಮೊದಲು ಸ್ವಲ್ಪ ಫೀಸು ಕಟ್ಟಿ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕೇ ಪ್ರಕಟಣೆ ಕೊಟ್ಟು, ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಅಂತ ಹೇಳಬೇಕಾಯಿತು.

ಈಗ ನೋಡಿ, ತಂಬಿಗೆ ಮಾರಿದ ಅಮ್ಮ ಮತ್ತು ತೋಟ ಅಡ ಇಟ್ಟ ದೊಡ್ಡಪ್ಪ, ಇಬ್ಬರಿಗೂ ಇಲ್ಲದೇ ಹೋದದ್ದು ಒಂದೇ. ಕೈಯಲ್ಲಿರುವ ತಾಮ್ರ ಏನು, ಹೆಚ್ಚೆಂದರೆ ಎಷ್ಟಕ್ಕೆ ಹೋಗುತ್ತೆ ಅನ್ನುವ ಅಂದಾಜು. ಪ್ಲಾಸ್ಟಿಕ್ ಡಬ್ಬಿ ಇವರಿಗೆ ಸಹಾಯಕ್ಕೆ ಬರುವುದಿಲ್ಲ. ಬಹಳ ಸಲ ಕಾಸಿನ ಬೆಲೆಗಿಂತ ಡಬ್ಬಿಯ ಫೀಸೇ ಜಾಸ್ತಿ. ಡಬ್ಬಿಯಿಂದ ಒಂದು ಉಪಯೋಗವಿದೆ, ನಕಲಿಯನ್ನು ಬಹುಮಟ್ಟಿಗೆ ತಡೆಯುತ್ತದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅದು ಕೊಳ್ಳುವವನ ಕೈಯ ಆಯುಧ, ಕೊಡುವವನದ್ದಲ್ಲ.

ನಮ್ಮ ತಿಪಟೂರಿನ ಕೊಬ್ಬರಿ ಮಾರುಕಟ್ಟೆಗೆ ಹೋಗಿ ನಿಂತು ನೋಡಿ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿಯನ್ನು ವ್ಯಾಪಾರಿ ಕೈಗೆತ್ತಿಕೊಂಡು, ಮೈ ನೋಡಿ, ತಟ್ಟಿ ಸದ್ದು ಕೇಳಿ, ಅನುಮಾನ ಬಂದರೆ ಒಡೆದು, ಬಣ್ಣ ನೋಡಿ ಬೆಲೆ ಕಟ್ಟುತ್ತಾನೆ. ರೈತ ಎದುರಿಗೇ ನಿಂತಿರುತ್ತಾನೆ. ಅವನಿಗೂ ಕೊಬ್ಬರಿ ಅಷ್ಟೇ ಗೊತ್ತು. ಗುಣದ ವಿಷಯದಲ್ಲಿ ಅವನನ್ನು ಏಮಾರಿಸುವುದು ಸುಲಭವಲ್ಲ. ರೇಟಿನಲ್ಲಿ ಏಮಾರುವುದು ಬೇರೆ ಮಾತು, ಆ ಕಥೆ ಇನ್ನೊಂದು ದಿನ ಬರೀತೀನಿ. ಸರ್ಕಾರದ ಖರೀದಿ ಕೇಂದ್ರದಲ್ಲಿ ಎಫ್‌ಎಕ್ಯೂ ಅಂತ ಮಾನದಂಡವಿದೆ, ಅದೂ ಕಾಗದದ ಮೇಲೆ ಮಾತಿನಲ್ಲೇ ಬರೆದಿರುವುದು, ಪಾಸೋ ಫೇಲೋ ಅಂತ ವಾದ ಮಾಡಬಹುದು. ಕಾಸಿಗೂ ಇಂಥದ್ದೇ ಬೇಕು ಅನ್ಸುತ್ತೆ. ಇಬ್ಬರ ಕೈಯಲ್ಲೂ ಓಡಾಡುವ ಅಳತೆ, ಇಬ್ಬರಿಗೂ ಅರ್ಥವಾಗುವ ಮಾತು.

ಕಾಯ್ದೆಯ ಬಗ್ಗೆ ಒಂದೆರಡು ಮಾತು, ಯಾಕೆಂದರೆ ಜನ ಬಾಯಿಬಿಡದಿರುವುದಕ್ಕೆ ಅದೇ ಕಾರಣ. ಮನೆತನದಿಂದ ಬಂದ ಕಾಸು ಇಟ್ಟುಕೊಳ್ಳುವುದು ತಪ್ಪಲ್ಲ. ನೆಲ ಅಗೆದಾಗ ಸಿಕ್ಕಿದ್ದು ಬೇರೆ, ಅದು ನಿಧಿ. 1878ರ ಬ್ರಿಟಿಷರ ಕಾಯ್ದೆ ಇದೆ, ನಮ್ಮ ರಾಜ್ಯದ್ದೇ 1962ರದ್ದಿದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ದೇಶದಿಂದ ಹೊರಗೆ ಕಳಿಸುವಂತಿಲ್ಲ. 1878ರ ಕಾಯ್ದೆಯಲ್ಲಿ ಒಂದು ವಿಚಿತ್ರವಿದೆ. ಸರ್ಕಾರ ನಿಧಿಯನ್ನು ಇಟ್ಟುಕೊಂಡರೆ ಅದರ ಲೋಹದ ಬೆಲೆ, ಅದರ ಮೇಲೆ ಐದನೇ ಒಂದು ಭಾಗ ಕೊಡಬೇಕು. ಚಿನ್ನಕ್ಕಾದರೆ ಸರಿ. ತಾಮ್ರಕ್ಕೆ? ಗುಜರಿಯವನ ರೇಟಿಗಿಂತ ಇಪ್ಪತ್ತು ಪರ್ಸೆಂಟ್ ಹೆಚ್ಚು. ಇದನ್ನು ನಂಬಿ ಯಾವ ರೈತ ತಾಲ್ಲೂಕು ಆಫೀಸಿಗೆ ಅಲೆಯುತ್ತಾನೆ ಹೇಳಿ! ತಾಮ್ರದ ನಿಧಿಗೆ ಲೋಹದ ಬೆಲೆಯಲ್ಲ, ನಾಣ್ಯದ ಬೆಲೆ ಕೊಡುವ ವ್ಯವಸ್ಥೆ ಬರುವವರೆಗೂ ತಂಬಿಗೆಗಳು ಗುಜರಿಗೇ ಹೋಗುತ್ತವೆ.

ಅಲ್ಲಿಯವರೆಗೆ ನಾನು ಮಾಡಿಕೊಂಡಿರುವ ಉಪಾಯ ಸರಳ. ಊರಲ್ಲಿ ಯಾರ ಮನೆಯಲ್ಲಿ ಕಾಸು ನೋಡಿದರೂ ಎರಡೂ ಕಡೆ ಫೋಟೋ ತೆಗೆಯುತ್ತೇನೆ, ಒಂದು ಚಿಕ್ಕ ತಕ್ಕಡಿಯಲ್ಲಿ ತೂಗುತ್ತೇನೆ. ಟಿಪ್ಪುವಿನ ಪೈಸೆ ಸುಮಾರು 11 ಗ್ರಾಂ ತೂಗಬೇಕು, ಅಮೆರಿಕದ ದೊಡ್ಡ ಸೆಂಟೂ ಹೆಚ್ಚು ಕಡಿಮೆ ಅಷ್ಟೇ, ಕಾಕತಾಳೀಯ. ಆಮೇಲೆ ಕನ್ನಡದಲ್ಲಿ ನಾಲ್ಕು ಸಾಲು. ಹೋದ ತಿಂಗಳದ್ದು ಹೀಗಿದೆ: "ಆನೆ ಬಲಕ್ಕೆ. ಸೊಂಡಿಲು ಬಿಲ್ಲೆಯಿಂದ ಹೊರಗೆ. ಹೊಟ್ಟೆ ಸವೆದಿದೆ, ಕಾಲು ಸ್ಪಷ್ಟ. ಹಿಂದೆ ಪಟ್ಟಣ ಅಂತ ಓದಬಹುದು, ಇಸವಿಯ ಕೊನೆ ಎರಡು ಅಂಕಿ ಮಾತ್ರ ಇದೆ. ಮೈ ಕಂದು, ಒಂದು ಕಡೆ ಗಟ್ಟಿ ಹಸಿರು, ಉಜ್ಜಿಲ್ಲ. ನೊಣವಿನಕೆರೆ ಕಡೆಯ ಮನೆ, ಅಡುಗೆಮನೆ ಗೂಡಿನಲ್ಲಿ ಇತ್ತು." ಕೊನೆಯ ಸಾಲು ಯಾವ ಡಬ್ಬಿಯ ಚೀಟಿಯಲ್ಲೂ ಇರುವುದಿಲ್ಲ. ನನಗೆ ಬೇಕಾದದ್ದು ಅದೇ. ಇಂಥ ಇನ್ನೂರು ಮುನ್ನೂರು ಸಾಲು ಸೇರಿದರೆ ಯಾವ ಟಂಕಸಾಲೆಯ ಕಾಸು ಎಲ್ಲಿಯವರೆಗೆ ಓಡಾಡಿತ್ತು ಅಂತ ಒಂದು ನಕ್ಷೆ ಬರೆಯಬಹುದು. ಕೋಡ್ ನಾನು ಬರೀತೀನಿ, ಡೇಟಾ ಇಲ್ಲ. ಫೋಟೋ ಇದ್ದರೆ ಯಾವ ಶೆಲ್ಡನ್ನೂ ಅಜ್ಜಿಯ ಕಾಸನ್ನು ಬದಲಾಯಿಸಲಾರ, ಅದೊಂದು ಬೋನಸ್ಸು.

ನಿಮ್ಮ ಮನೆಯಲ್ಲೂ ಇದ್ದರೆ ತಿಳಿಸಿ. ಆನೆ ಯಾವ ಕಡೆ ನೋಡುತ್ತಿದೆ, ತೂಕ ಎಷ್ಟು, ಮನೆಯ ಯಾವ ಮೂಲೆಯಲ್ಲಿತ್ತು, ಇಷ್ಟು ಸಾಕು. ನಿಮ್ಮ ಹೆಸರು ಬೇಡ, ಊರು ಸಾಕು. ಬರುವ ಶನಿವಾರ ಚಿಕ್ಕನಾಯಕನಹಳ್ಳಿ ಹತ್ತಿರ ದೊಡ್ಡಮ್ಮನ ಮನೆಯಲ್ಲಿ ಒಂದು ಡಬ್ಬಿ ನೋಡುವುದಿದೆ. ನೆಂಟರು ನೋಡಲು ಬರುತ್ತಾರೆ ಅಂತ ತೊಳೆದಿಟ್ಟಾರು, ಹುಣಸೆಹಣ್ಣು ಮಾತ್ರ ನೆನೆಹಾಕಬೇಡಿ ಅಂತ ಆಗಲೇ ಎರಡು ಸಲ ಫೋನ್ ಮಾಡಿ ಹೇಳಿದ್ದೇನೆ.